ಟೊಣಕ್ ಅನ್ನುವ ಜಾಗ

ನಾಲ್ಕನೆಯ ಗಿಟಾರನ್ನೂ ಡ್ರೈವಿಂಗ್ ಮೇಷ್ಟ್ರು ಮೂಗು ಮುರಿದು ಕೆಳಗಿಟ್ಟರು. ಮೊದಲನೆಯದರ ಕುತ್ತಿಗೆ ಅಗಲವಂತೆ. ಎರಡನೆಯದರಲ್ಲಿ ತಂತಿಗಳು ಎತ್ತರವಂತೆ. ಮೂರನೆಯದಕ್ಕೆ ಪಾಲಿಶ್ ಜಾಸ್ತಿಯಾಗಿ ಮರದ ದನಿಯೇ ಸತ್ತುಹೋಗಿದೆಯಂತೆ. ನಾಲ್ಕನೆಯದರಲ್ಲಿ ಹುಳುಕು ಹುಡುಕಲು ಅವರಿಗೇ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ, ತೊಡೆಯ ಮೇಲೆ ಸರಿಯಾಗಿ ಕೂರುವುದಿಲ್ಲ ಎಂದರು. ಅಂಗಡಿಯಾತ ಗಿಟಾರನ್ನೊಮ್ಮೆ, ತೊಡೆಯನ್ನೊಮ್ಮೆ ನೋಡಿ, ವ್ಯಾಪಾರದ ಮರ್ಯಾದೆಗೆ ತಲೆಯಾಡಿಸಿದ. ಮೇಷ್ಟ್ರ ಹೆಂಡತಿ ಗೋಡೆ ಪಕ್ಕದ ಸ್ಟೂಲಿನಲ್ಲಿ ಕಾರಿನ ಕೀ ತಿರುಗಿಸುತ್ತ ಕೂತಿದ್ದಳು.

ಮೇಷ್ಟ್ರಿಗೆ ಬರುತ್ತಿದ್ದುದು ಒಂದೇ ಒಂದು ಟ್ಯೂನ್. ಅದೂ ಅರ್ಧ. ನಡುವೆ ಒಂದು ಜಾಗದಲ್ಲಿ ತೋರುಬೆರಳು ಆರೂ ತಂತಿಗಳ ಮೇಲೆ ಅಡ್ಡ ಮಲಗಿರುವಾಗಲೇ ಕಿರುಬೆರಳು ದೂರದ ಇನ್ನೊಂದು ಕಡೆಗೆ ಚಾಚಬೇಕು. ಇವರ ಕಿರುಬೆರಳು ಅಲ್ಲಿಗೆ ಹೋಗುವಷ್ಟರಲ್ಲಿ ಟೊಣಕ್ ಎಂದು ಸತ್ತ ಸದ್ದು ಬರುತ್ತಿತ್ತು. ಅದರ ಹಿಂದೆಯೇ ಮೇಷ್ಟ್ರ ಬೈಗುಳ: ಹಾಳು ಗಿಟಾರು, ಮರ ಬಗ್ಗಿದೆ, ಸೆಕೆಗೆ ನೈಲಾನ್ ತಂತಿ ಹಿಗ್ಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಷ್ಟ್ರ ಮನೆಯಲ್ಲಿ ನೆಲ ವರ್ಷಗಳಿಂದ ಡೊಂಕಾಗಿಯೇ ಇತ್ತು. ನಿನ್ನೆ ಟೊಣಕ್ ಆದ ಕೂಡಲೇ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, "ಹಾಗಾದ್ರೆ ಹೊಸದೇ ತಗೊಂಡ್ಬಿಡೋಣ ರೀ," ಎಂದಳು. ಮೇಷ್ಟ್ರ ಎದೆ ಧಸಕ್ಕೆಂದಿತು. ಹಳೆಯದು ಇರುವವರೆಗೆ ಅವರ ಮಾನವೂ ಇತ್ತು. ಹೊಸದರಲ್ಲೂ ಟೊಣಕ್ ಅಂದರೆ ತಪ್ಪು ಹೊರಲು ಮನೆಯಲ್ಲಿ ಇನ್ನು ಯಾರಿದ್ದಾರೆ?

ಅದಕ್ಕೇ ನಾಲ್ಕು ಗಿಟಾರುಗಳಲ್ಲೂ ಆ ಜಾಗ ಬರುವ ಮುಂಚೆಯೇ ನಿಲ್ಲಿಸಿದ್ದರು, ದೂರದಲ್ಲಿ ಪೊಲೀಸರನ್ನು ಕಂಡು ಪಕ್ಕದ ಓಣಿಗೆ ತಿರುಗುವ ಲೈಸೆನ್ಸಿಲ್ಲದವನ ಹಾಗೆ.

ಅಳುಕಲು ಇನ್ನೊಂದು ಕಾರಣವೂ ಇತ್ತು. ಹೆಂಡತಿಗೆ ಕಾರು ಕಲಿಸಿದವರು ಇವರೇ. ಸೇತುವೆಯ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿ ಆಫ್ ಆಗಿ, ಹಿಂದಿನವರೆಲ್ಲ ಹಾರನ್ ಬಾರಿಸುವಾಗ ಅವಳು, ಕ್ಲಚ್ ತುಂಬಾ ಗಟ್ಟಿ ಇದೆ ಎಂದಿದ್ದಳು. ಹಿಂದಿನ ಸೀಟಿನಲ್ಲಿ ಬೇರೆ ಕಲಿಯುವವರು ಕೂತಿದ್ದರು. ಮೇಷ್ಟ್ರಿಗೆ ಹುರುಪು ಬಂದು, "ಗಾಡಿ ಮೇಲೆ ಗೂಬೆ ಕೂರಿಸ್ಬೇಡ. ಕ್ಲಚ್ ಸರಿಯಾಗೇ ಇದೆ, ನಿನ್ನ ಕಾಲು ಸರಿ ಇಲ್ಲ," ಎಂದುಬಿಟ್ಟಿದ್ದರು. ಹಿಂದಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಗಲಿಲ್ಲ. ಲೈಸೆನ್ಸ್ ತೆಗೆದುಕೊಂಡಳು, ಇವರಿಗಿಂತ ಚೆನ್ನಾಗಿ ಓಡಿಸತೊಡಗಿದಳು, ಆ ಮಾತನ್ನು ಮಾತ್ರ ಮತ್ತೆಂದೂ ಎತ್ತಲಿಲ್ಲ. ಎತ್ತಿ ಜಗಳ ಆಡಿದ್ದರೆ ಒಳ್ಳೆಯದಿತ್ತು ಎಂದು ಮೇಷ್ಟ್ರಿಗೆ ಎಷ್ಟೋ ಸಲ ಅನ್ನಿಸಿತ್ತು.

ಅಂಗಡಿಯಾತ ಐದನೆಯದನ್ನು ಇಳಿಸಿದ. ಜೇನಿನ ಬಣ್ಣದ ಮರ, ಹಗುರ, ಬೆರಳಲ್ಲಿ ತಟ್ಟಿದರೆ ಒಳಗೆಲ್ಲ ಗುಂಯ್ ಎನ್ನುತ್ತಿತ್ತು. ಗಿಟಾರಿನ ದನಿ ಮುಂದಕ್ಕೆ ಹೋಗುವುದರಿಂದ ಬಾರಿಸುವವನಿಗೆ ಅದು ಪೂರ್ತಿ ಕೇಳುವುದೇ ಇಲ್ಲ, ನೀವು ಎದುರು ಕೂತು ಕೇಳಿ, ನಾನೇ ಬಾರಿಸುತ್ತೇನೆ ಎಂದ. ಬೇಡ ಎನ್ನಲು ಮೇಷ್ಟ್ರಿಗೆ ನೆಪ ಹೊಳೆಯುವ ಮೊದಲೇ ಅದೇ ಟ್ಯೂನ್ ಶುರು ಮಾಡಿಬಿಟ್ಟ. ಆ ಜಾಗ ಬಂತು. ಆತನ ಕಿರುಬೆರಳು ಪಕ್ಕದ ಮನೆಗೆ ಸಕ್ಕರೆ ಕೇಳಲು ಹೋದಷ್ಟು ಸಲೀಸಾಗಿ ಹೋಗಿ ಬಂತು. ಟ್ಯೂನ್ ಮುಂದೆ ಸಾಗಿ, ಮೇಲೇರಿ, ತಿರುಗಿ, ಶುರುವಾದಲ್ಲಿಗೇ ಬಂದು ನಿಂತಿತು.

"ಓ," ಎಂದಳು ಹೆಂಡತಿ, "ಇದು ಮುಂದಕ್ಕೂ ಇದೆಯಾ?"

ಮೇಷ್ಟ್ರ ಮುಖ ಕೆಂಪಾಯಿತು. ಇಷ್ಟು ಚೆಂದದ ಉಳಿದರ್ಧವನ್ನು ಇವಳಿಗೆ ಇಷ್ಟು ವರ್ಷ ಕೇಳಿಸದೆ ಇಟ್ಟೆನಲ್ಲ ಎಂದು ಒಳಗೊಳಗೇ ಪೇಚಾಡಿಕೊಂಡರು. ಅಂಗಡಿಯಾತ ಗಿಟಾರನ್ನು ಅವರ ತೊಡೆಗೆ ದಾಟಿಸಿದ. ಅದು ಅಲ್ಲಿ ಅಳತೆ ತೆಗೆದು ಮಾಡಿಸಿದಂತೆ ಕೂತಿತು.

"ಬಾರಿಸಿ," ಎಂದಳು ಹೆಂಡತಿ. "ಈ ಸಲ ನಡುವೆ ನಿಲ್ಲಿಸ್ಬೇಡಿ."

ಮೇಷ್ಟ್ರು ಬಾರಿಸಿದರು. ಗಿಟಾರು ಎಷ್ಟು ಒಳ್ಳೆಯದೆಂದರೆ ಅವರ ಕೈಯಲ್ಲೂ ಚೆನ್ನಾಗಿ ಕೇಳುತ್ತಿತ್ತು. ಅವರ ಪಾಲಿಗೆ ಸೇತುವೆಯ ಏರಿನಂತಿದ್ದ ಆ ಜಾಗ ಬಂತು. ತೋರುಬೆರಳು ಅಡ್ಡ ಮಲಗಿತು, ಕಿರುಬೆರಳು ದೂರಕ್ಕೆ ಚಾಚಿತು.

ಟೊಣಕ್.

ಹೊಸ ಗಿಟಾರಿನಲ್ಲಿ ಅದು ಇನ್ನೂ ಸ್ಪಷ್ಟವಾಗಿ, ಇನ್ನೂ ದೂರದವರೆಗೆ ಕೇಳಿಸಿತು. ಅಂಗಡಿಯಾತ ಚಾವಣಿ ನೋಡತೊಡಗಿದ. ಮೇಷ್ಟ್ರು ಬಾಯಿ ತೆರೆದರು. ಮರ, ತಂತಿ, ಪಾಲಿಶ್, ಸೆಕೆ, ತೊಡೆ, ಎಲ್ಲವೂ ಖರ್ಚಾಗಿ ಹೋಗಿದ್ದವು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು ಹೆಂಡತಿಯ ಕಡೆ ನೋಡಿದರು.

ಅವಳು ಸ್ಟೂಲಿನಿಂದ ಎದ್ದು ಬಂದು ಅಂಗಡಿಯಾತನಿಗೆ ಹೇಳಿದಳು:

"ಇದನ್ನೇ ಪ್ಯಾಕ್ ಮಾಡಿ. ಗಿಟಾರು ಚೆನ್ನಾಗಿದೆ. ಕ್ಲಚ್ ಸ್ವಲ್ಪ ಗಟ್ಟಿ, ಅಷ್ಟೇ."