ಯಾರೂ ಕೇಳದ ಹಾಡು

ಹೆಣ್ಣು ನೋಡಲು ಬಂದವರ ಅವಲಕ್ಕಿ, ಚಹಾ ಮುಗಿದ ಮೇಲೆ ಹುಡುಗಿಯ ಮ್ಯೂಸಿಕ್ ಪ್ಲೇಯರನ್ನು ಪಡಸಾಲೆಯ ದೊಡ್ಡ ಸ್ಪೀಕರಿಗೆ ಜೋಡಿಸುವುದು ಆ ಸೀಮೆಯ ಪದ್ಧತಿ. ನಕ್ಕು ಕೇಳಿದ ಹಾಡು ಅಲ್ಲಿ ನಗುತ್ತ ಬರುತ್ತದೆ, ಅತ್ತು ಕೇಳಿದ್ದು ಒದ್ದೆಯಾಗಿ ಬರುತ್ತದೆ. ಅದನ್ನು ಆಲಿಸಿಯೇ ಹಿರಿಯರು ಹುಡುಗಿಯ ಮನಸ್ಸನ್ನು ತಿಳಿಯುತ್ತಾರೆ.

ಹುಡುಗಿ ಮಹಾನಂದಾ ಕೈಮುಗಿದು ವೈರು ಚುಚ್ಚಿದಳು. ಶಿವನ ಸ್ತುತಿಯೊಂದು ತೊಳೆದಿಟ್ಟ ಬರಿಗೊಡದಂತೆ ಸ್ವಚ್ಛವಾಗಿ ಹೊರಬಂತು. ಕಣ್ಣು ಮುಚ್ಚಿ ಕೇಳುತ್ತಿದ್ದ ವರನ ತಾಯಿ ನೀಲವ್ವ ಒಂದೇ ಕಣ್ಣು ತೆರೆದಳು.

"ಈ ಹಾಡು ಯಾರೂ ಕೇಳೇ ಇಲ್ಲವ್ವಾ. ದೇವರ ಹೆಸರು ಹೇಳಿ ನಮ್ಮ ಕಣ್ಣಾಗ ಮಣ್ಣು ಹಾಕ್ತೀಯೇನ? ನಿನ್ನ ಪ್ಲೇಯರ್ ಎಲ್ಲಿ ಮುಚ್ಚಿಟ್ಟಿ?"

ಹುಡುಗಿಯ ಅಪ್ಪ ಸುಮ್ಮನೆ ಕೆಮ್ಮಿದ.

"ಇದು ನಿನ್ನೆ ತಂದದ್ದರಿ," ಎಂದಳು ಮಹಾನಂದಾ. "ನಂದು ಒಳಗೈತಿ. ಅದರಾಗ ಅತ್ತು ಕೇಳಿದ್ದೂ ಅದಾವು. ಹಚ್ಚತೀನಿ. ಆದ್ರ ನಿಮ್ಮ ಮಗಂದೂ ಹಚ್ಚಬೇಕ್ರಿ."

"ಗಂಡಿಂದು ಹಚ್ಚೂ ಪದ್ಧತಿ ಎಲ್ಲೈತಿ? ಆಗಲೇಳು, ನನ್ನ ಮಗ ಬಂಗಾರ ಅದಾನ. ಈರಣ್ಣಾ, ತಗೀಪಾ."

ಈರಣ್ಣ ಜೇಬನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡ. "ಯವ್ವಾ, ಕರೆಂಟ್ ಹೋಗೈತಿ."

ನೀಲವ್ವ ತಲೆಯ ಮೇಲೆ ಗರಗರ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. ಮಗನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಶಿವಶಿವಾ ಎಂದು ಎದ್ದು, ತಾನೇ ವೈರು ಕಿತ್ತು, ಮಹಾನಂದಾಳ ಹಣೆಗೆ ಕುಂಕುಮವಿಟ್ಟಳು.

"ಹುಡುಗಿ ನಮಗ ಒಪ್ಪಿಗಿ," ಎಂದು ಅವಳ ಅಪ್ಪನ ಕಡೆ ತಿರುಗಿದಳು. "ಹುಡುಗನ್ನ ಮಾತ್ರ ನೀವ ನೋಡಿ, ವಿಚಾರ ಮಾಡಿ ಹೇಳ್ರಿ."