ಪಟ್ಟಿಯಿಂದ ಹೋದ ಹೆಸರು

ಕೈವಾಡ ಓಂಕಾರಪ್ಪನದೇ. ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿದ್ದ, ರದ್ದಾದ ಬಿಪಿಎಲ್ ಕಾರ್ಡುಗಳ ಪಟ್ಟಿಯಲ್ಲಿ ತಾಯಿಯ ಹೆಸರು ಕಂಡ ಕ್ಷಣವೇ ಪರಮೇಶನಿಗೆ ಖಾತ್ರಿಯಾಯಿತು. ನಲವತ್ತೊಂದನೆಯ ಹೆಸರು. ದುರ್ಗಮ್ಮ, ಓಲ್ಡ್ ಟೌನ್, ಭದ್ರಾವತಿ.

ಸೋಮವಾರ ದುರ್ಗಮ್ಮನ ಹೃದಯದ ಆಪರೇಷನ್. ಕಾರ್ಡು ತೋರಿಸಿದರೆ ಪುಕ್ಕಟೆ. ತೋರಿಸದಿದ್ದರೆ ಆಪರೇಷನ್ ಇಲ್ಲ. ಇವತ್ತು ಶುಕ್ರವಾರ, ಮಧ್ಯಾಹ್ನ.

ಎರಡು ವರ್ಷದಿಂದ ಪರಮೇಶ ‘ಖಡಕ್ ಮಾತು’ ಎಂಬ ಬ್ಲಾಗು ಬರೆಯುತ್ತಿದ್ದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮಾಚೇನಹಳ್ಳಿಯಲ್ಲಿ ಲೇತ್ ಮೆಷಿನ್ನಿಗೆ ನಿಂತವನು ಬ್ಲಾಗು ಬರೆಯುತ್ತಾನೆಂದು ಯಾರು ಅಂದುಕೊಳ್ಳುತ್ತಾರೆ? ಹೆಸರು ಹಾಕುತ್ತಿರಲಿಲ್ಲ. ತಾಯಿಯೊಬ್ಬಳಿಗೆ ಗೊತ್ತಿತ್ತು. ದುಡಿದು ತಿನ್ನುವುದೇ ಧರ್ಮ, ಪುಕ್ಕಟೆ ಅಕ್ಕಿ ತಿಂದು ನಾಡು ಸೋಮಾರಿಯಾಗಿದೆ ಎಂದು ಅವನು ಬರೆದರೆ ಬೆಂಗಳೂರಿನ ಮಂತ್ರಿಯಿಂದ ವಾರ್ಡಿನ ಮೆಂಬರ್‌ವರೆಗೆ ಯಾರಿಗೂ ರಿಯಾಯಿತಿ ಇರಲಿಲ್ಲ. “ಶಿಫಾರಸು ಬಂದ ಹೆಸರನ್ನೇ ಮೊದಲು ಹೊಡೆಯಿರಿ” ಎಂದು ಕಳೆದ ತಿಂಗಳು ಬಿಪಿಎಲ್ ತಪಾಸಣೆಯ ಬಗ್ಗೆ ಬರೆದದ್ದನ್ನು ಜನ ಪ್ರಿಂಟ್ ತೆಗೆದು ಹೋಟೆಲಿನಲ್ಲಿ ಕೂತು ಓದಿದ್ದರು. ಅದಕ್ಕೂ ಮೊದಲು ಒಬ್ಬ ಅಧಿಕಾರಿಯ ಹೆಸರು ಹಾಕಿ ಬರೆದಿದ್ದ. ಹದಿನೈದೇ ದಿನದಲ್ಲಿ ಆತನಿಗೆ ವರ್ಗವಾಗಿತ್ತು.

ಎಲ್ಲರಿಗಿಂತ ಹೆಚ್ಚು ಏಟು ತಿಂದವನು ಓಂಕಾರಪ್ಪ. ಧರ್ಮದ ಮಾತಾಡಿ ಚುನಾವಣೆ ಗೆದ್ದು, ಶಿವಮೊಗ್ಗದ ವಿದ್ಯಾನಗರದಲ್ಲಿ ಮಹಡಿ ಮನೆ ಎಬ್ಬಿಸಿದ ಮುಖಂಡ.

“ಆ ಮನುಷ್ಯನ್ನ ಯಾಕೋ ಬೈತೀಯ? ಬಡವರು ಹೋದ್ರೆ ಕೂರಿಸಿ ಮಾತಾಡ್ಸ್ತಾರೆ” ಎಂದು ದುರ್ಗಮ್ಮ ಮೊನ್ನೆ ಕೂಡ ಅಂದಿದ್ದಳು. ನಿನಗ್ಯಾರು ಹೇಳಿದ್ದು ಎಂದು ಕೇಳಿದ್ದಕ್ಕೆ ಒಲೆಯ ಕಡೆ ತಿರುಗಿದ್ದಳು. ಎರಡು ಹೆಜ್ಜೆಗೆ ಏದುಸಿರು ಬರುವವಳು, ಹಿಂದಿನ ದಿನವಷ್ಟೇ ಒಬ್ಬಳೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಬಂದಿದ್ದಳು. ಡಾಕ್ಟರ ಹತ್ತಿರ ಅಂದಿದ್ದಳು.

ಪರಮೇಶ ಸಾಲು ಮುರಿದು ಒಳಗೆ ನುಗ್ಗಿದ. ಶಿರಸ್ತೇದಾರ್ ಶಂಕರನಾರಾಯಣ ಊಟದ ಡಬ್ಬಿ ಮುಚ್ಚಿದರು. ಹೆಸರು ಕೇಳಿ, ಫೈಲು ತೆಗೆದರು. ತೆರೆಯಲಿಲ್ಲ, ಮೇಲೆ ಕೈ ಇಟ್ಟುಕೊಂಡು ಕೂತರು.

“ಮನೇಲಿ ಕಂಪ್ಯೂಟರ್ ಇದೆಯಂತಲ್ರೀ. ಕಂಪ್ಯೂಟರ್ ಇರೋ ಮನೆಗೆ ಬಿಪಿಎಲ್ ಹೆಂಗೆ ಕೊಡೋದು? ತಪಾಸಣೆಗೆ ಬಂದೋರಿಗೆ ನಿಮ್ಮ ತಾಯೀನೇ ತೋರಿಸಿದಾರೆ, ನನ್ನ ಮಗ ದೇಶದ ಕೆಲಸ ಮಾಡ್ತಾನೆ ಅಂತ.”

ಪರಮೇಶ ಮೇಜಿಗೆ ಕೈಯೂರಿ ಬಗ್ಗಿದ. ಅದು ಗುಜರಿಯಿಂದ ತಂದು ಜೋಡಿಸಿದ ಸೆಟ್ಟು ಎಂದ. ಎರಡೆರಡು ಕಾರು ಇರುವವರ ಕಾರ್ಡು ಉಳಿದಿರುವಾಗ ವಿಧವೆಯದಕ್ಕೆ ಮಾತ್ರ ಕತ್ತರಿ ಯಾಕೆ ಎಂದ. ತಲೆಯೊಳಗೆ ಆಗಲೇ ತಲೆಬರಹ ಸಿದ್ಧವಾಗಿತ್ತು: ಮಗನ ಮೇಲಿನ ಸೇಡು, ತಾಯಿಯ ಎದೆಗೆ ಚೂರಿ. ಕೆಳಗೆ ಓಂಕಾರಪ್ಪನ ಹೆಸರು, ಅದರ ಕೆಳಗೆ ಈ ಶಿರಸ್ತೇದಾರರದು.

“ಓಂಕಾರಪ್ಪ ಫೋನ್ ಮಾಡಿದ್ನಾ, ಇಲ್ಲಾ ಬರೆದು ಕೊಟ್ಟನಾ? ಅಷ್ಟು ಹೇಳಿ ಸಾಕು.”

ಶಂಕರನಾರಾಯಣ ಅವನ ಮುಖ ನೋಡಿದರು.

“ಬರೆದೇ ಕೊಟ್ಟಿದಾರೆ.”

“ತೋರಿಸಿ.”

“ನೋಡಿ ಏನ್ಮಾಡ್ತೀರಿ ಮಾರಾಯ್ರೆ. ಪಟ್ಟಿ ಜಿಲ್ಲೆಗೆ ಹೋಗಿಯಾಯ್ತು. ಇನ್ನು ಹೊಸ ಅರ್ಜಿ, ಮೂರು ತಿಂಗಳು.” ಅವರು ದನಿ ತಗ್ಗಿಸಿದರು. “ನಂಗೂ ಎರಡು ದಿನ ಅನ್ನ ಸೇರಲಿಲ್ಲ.”

ಫೈಲು ತಿರುಗಿ ಅವನ ಮುಂದೆ ಬಂತು. ಓಂಕಾರಪ್ಪನ ಲೆಟರ್‌ಹೆಡ್. ಮಂಗಳವಾರದ ತಾರೀಖು. ನಾಲ್ಕೇ ಸಾಲು, ಕೈಬರಹ: ದುರ್ಗಮ್ಮ ಎಂಬ ಈ ವಿಧವೆ ಖುದ್ದಾಗಿ ಬಂದಿದ್ದಾರೆ. ಹೃದಯದ ಕಾಯಿಲೆ. ಕಂಪ್ಯೂಟರ್ ಮಗನದು, ಹಳೆಯದು. ದಯವಿಟ್ಟು ಕಾರ್ಡು ಉಳಿಸಿಕೊಡಿ.

ಪರಮೇಶ ಅದನ್ನು ಎರಡು ಸಲ ಓದಿದ. ಮೂರನೆಯ ಸಲ ಅಕ್ಷರಗಳು ನಿಲ್ಲಲಿಲ್ಲ.

“ಉಳಿಸೋಣ ಅಂತಲೇ ಇದ್ದೆ” ಎಂದರು ಶಂಕರನಾರಾಯಣ. “ಆಮೇಲೆ ಹೆದರಿಕೆ ಆಯ್ತು. ನಂಗೂ ಮಕ್ಕಳಿದಾವೆ. ಹಿಂದಿನ ಹಾಳೆ ನೋಡಿ, ಗೊತ್ತಾಗುತ್ತೆ.”

ಪತ್ರದ ಹಿಂದೆ ಗುಂಡುಸೂಜಿ ಚುಚ್ಚಿ ಸಿಕ್ಕಿಸಿದ್ದ ಪ್ರಿಂಟಿನಲ್ಲಿ ಒಂದೇ ಸಾಲಿಗೆ ಕೆಂಪು ಗೆರೆ ಎಳೆದಿತ್ತು: ‘ಶಿಫಾರಸು ಬಂದ ಹೆಸರನ್ನೇ ಮೊದಲು ಹೊಡೆಯಿರಿ.’