ಪರೀಕ್ಷೆಗೆ ಕತ್ತರಿಸಿದ ತುಂಡು

ಸುರುಳಿಯಿಂದ ಬಿಡಿಯಾಗಿ ಜೋತಿದ್ದ ಗೇಣುದ್ದದ ಫಿಲ್ಮನ್ನು ಕತ್ತರಿಸಿ ತಾರಾನಾಥ ಬೆಂಕಿಕಡ್ಡಿ ಗೀರಿದ. ಮೂಕಿ ಚಿತ್ರಗಳ ಕಾಲದ್ದಾದರೆ ಮದ್ದಿನ ಹಾಗೆ ಉರಿಯಬೇಕು, ಈಚಿನದಾದರೆ ಸುಮ್ಮನೆ ಕರಗುತ್ತದೆ. ಉರ್ವದ ಮನೆಯೊಂದರ ಅಂಗಳದಲ್ಲಿ ಅದು ಸರ್ರನೆ ಹೊತ್ತಿ, ಕಣ್ಣುಮುಚ್ಚಿ ತೆರೆಯುವುದರೊಳಗೆ ಬೂದಿಯಾಯಿತು.

“ಇದೇ ಮಾರಾಯ. ಹನ್ನೊಂದು ವರ್ಷ ನಾವು ಹುಡುಕಿದ್ದು ಇದನ್ನೇ,” ಎಂದು ಗೆಳೆಯ ಶೀನಪ್ಪನ ಬೆನ್ನು ತಟ್ಟಿದ. ಮನೆಯೊಡತಿ ಕುಶಲಕ್ಕ ಸುರುಳಿಯಿದ್ದ ಡಬ್ಬಿಯತ್ತ ಬಾಗಿದರು. ಐವತ್ತು ವರ್ಷದ ಹಿಂದೆ, 1930ರಲ್ಲಿ, ಆ ಚಿತ್ರದಲ್ಲಿ ನಟಿಸಿದ್ದು ಅವರ ತಾಯಿ. ಮಗಳು ಮಾತು ಕಲಿಯುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ತಾಯಿಯ ಒಂದು ಫೋಟೋವೂ ಇರಲಿಲ್ಲ.

ಶೀನಪ್ಪ ಸುರುಳಿ ಬಿಚ್ಚಲು ನೋಡಿದ. ಒಂದು ಸುತ್ತೂ ಏಳಲಿಲ್ಲ. ಎಲ್ಲ ಅಂಟಿಕೊಂಡು ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿತ್ತು. ಉಗುರು ತಾಗಿದಲ್ಲಿ ಕಂದು ಪುಡಿ ಉದುರಿತು. “ಸರಿ ಇದ್ದದ್ದು ಆ ತುದಿ ಮಾತ್ರ ಅಂತ ಕಾಣ್ತದೆ,” ಎಂದ, ತಾರಾನಾಥನ ಮುಖ ನೋಡದೆ.

ಕುಶಲಕ್ಕ ನೆಲದ ಬೂದಿಯನ್ನೇ ನೋಡುತ್ತಿದ್ದರು. “ನೀವು ಸುಟ್ಟದ್ರಲ್ಲಿ ಅಮ್ಮ ಇದ್ರಾ?”

ಚಿತ್ರ ಎಷ್ಟು ರೀಲಿನದು, ಯಾವ ಊರಿನಲ್ಲಿ ಎಷ್ಟು ದಿನ ಓಡಿತ್ತು ಎಂಬುದೆಲ್ಲ ತಾರಾನಾಥನಿಗೆ ಬಾಯಿಪಾಠವಾಗಿತ್ತು. ಆ ತುಂಡನ್ನು ಮಾತ್ರ ಅವನು ಬೆಳಕಿಗೆ ಹಿಡಿದು ನೋಡಿರಲಿಲ್ಲ.